ಗೋಮಾ ಬಿದ್ದ ಸುದ್ದಿಯಲ್ಲಿ ಏನೇನು ಬಿಟ್ಟುಹೋಯಿತು?

2025ರ ಜನವರಿ 27, ಸೋಮವಾರ. ಆಫ್ರಿಕಾದ ಕಾಂಗೋ ದೇಶದ ಗೋಮಾ ನಗರ ಅಂದು ಎಂ23 ಎಂಬ ಗುಂಪಿನ ಕೈಸೇರಿತು. ಸುತ್ತಲಿನ ನಿರಾಶ್ರಿತರ ಶಿಬಿರಗಳನ್ನೂ ಲೆಕ್ಕಕ್ಕೆ ಹಿಡಿದರೆ ಸುಮಾರು 20 ಲಕ್ಷ ಜನರಿದ್ದ ಊರು ಅದು. ಅದೇ ದಿನ ಡೀಪ್‌ಸೀಕ್ ಎಂಬ ಚೀನೀ ಎಐನಿಂದಾಗಿ ಅಮೆರಿಕದ ಷೇರುಪೇಟೆ ಮುಗ್ಗರಿಸಿತ್ತು. ಗಾಜಾದಲ್ಲಿ ಕದನವಿರಾಮವಾಗಿ ಜನ ಉತ್ತರದ ತಮ್ಮ ಮನೆಗಳತ್ತ ನಡೆದು ಹೋಗುತ್ತಿದ್ದರು. ಎರಡು ದಿನ ಬಿಟ್ಟು ಪ್ರಯಾಗರಾಜ್‌ನ ಕುಂಭಮೇಳದಲ್ಲಿ ಕಾಲ್ತುಳಿತವಾಯಿತು. ಪುಟ ಕಟ್ಟುವವರಿಗೆ ಸುದ್ದಿಗೇನೂ ಬರ ಇರಲಿಲ್ಲ. ಗೋಮಾಗೆ ಬಹುತೇಕ ಕಡೆ ಸಿಕ್ಕಿದ್ದು ವಿದೇಶ ಪುಟದ ಒಂದು ಮೂಲೆ.

ಜಾಗ ಕಮ್ಮಿ ಸಿಕ್ಕಿತು ಅನ್ನುವುದು ನನ್ನ ತಕರಾರಲ್ಲ. ದೂರದ ಯುದ್ಧಗಳಿಗೆ ಎಲ್ಲ ಭಾಷೆಯ ಪತ್ರಿಕೆಗಳಲ್ಲೂ ಜಾಗ ಕಮ್ಮಿಯೇ. ಸಿಕ್ಕ ಜಾಗದಲ್ಲಿ ಏನು ಬಂತು ಅನ್ನುವುದು ಮುಖ್ಯ. ಬಂದ ವಾಕ್ಯ ಹೆಚ್ಚುಕಡಿಮೆ ಹೀಗಿತ್ತು: ಖನಿಜ ಸಂಪತ್ತಿನ ಪೂರ್ವ ಕಾಂಗೋದ ಅತಿದೊಡ್ಡ ನಗರವನ್ನು ರುವಾಂಡಾ ಬೆಂಬಲಿತ ಬಂಡುಕೋರರು ವಶಪಡಿಸಿಕೊಂಡಿದ್ದಾರೆ.

ಈ ವಾಕ್ಯದಲ್ಲಿ ಒಂದೂ ಸುಳ್ಳಿಲ್ಲ. ಆದರೂ ಇದನ್ನು ಓದಿದವರಿಗೆ ಯಾರು ಯಾರ ಮೇಲೆ ಯಾಕೆ ಬಿದ್ದರು ಅನ್ನುವುದು ಗೊತ್ತಾಗುವುದಿಲ್ಲ. ಗೊತ್ತಾಯಿತು ಅನ್ನಿಸುತ್ತದೆ ಅಷ್ಟೆ. ಆ ‘ಅನ್ನಿಸುವುದು’ ಇದೆಯಲ್ಲ, ಅದೇ ತೊಂದರೆ. ಖನಿಜ, ಬೆಂಬಲಿತ, ಬಂಡುಕೋರ ಎಂಬ ಮೂರೂ ಪದಗಳು ಅಚ್ಚಿನಿಂದ ತೆಗೆದ ಇಟ್ಟಿಗೆಗಳ ಹಾಗೆ. ಎಲ್ಲಿ ಬೇಕಾದರೂ ಕೂರುತ್ತವೆ. ಒಂದೊಂದನ್ನೇ ಕಿತ್ತು ನೋಡೋಣ.

ಅದಕ್ಕೆ ಮೊದಲು ಭೂಗೋಳ. ಕಾಂಗೋ ಹೆಸರಿನ ದೇಶಗಳೇ ಎರಡಿವೆ. ನದಿಯ ಆಚೆ ಒಂದು, ಈಚೆ ಒಂದು. ಅವುಗಳ ರಾಜಧಾನಿಗಳು ಎದುರುಬದುರು ಕೂತಿವೆ. ನಾವು ಮಾತಾಡುತ್ತಿರುವುದು ದೊಡ್ಡ ಕಾಂಗೋದ ಬಗ್ಗೆ. ಅದರ ರಾಜಧಾನಿ ಕಿನ್ಶಾಸಾ, ವಿಸ್ತೀರ್ಣ 23 ಲಕ್ಷ ಚದರ ಕಿಲೋಮೀಟರ್‌ಗೂ ಜಾಸ್ತಿ. ಭಾರತವನ್ನು ಹತ್ತು ಪಾಲು ಮಾಡಿದರೆ ಏಳು ಪಾಲಿನಷ್ಟು. ಕಿನ್ಶಾಸಾ ಪಶ್ಚಿಮದ ತುದಿಯಲ್ಲಿದೆ, ಗೋಮಾ ಪೂರ್ವದ ತುದಿಯಲ್ಲಿ. ನಡುವೆ ನೇರ ಗೆರೆ ಎಳೆದರೆ 1,500 ಕಿಲೋಮೀಟರ್ ದಾಟುತ್ತದೆ. ನಂಬಿ ಹೊರಡಬಹುದಾದ ರಸ್ತೆ ಇಲ್ಲ, ವಿಮಾನವೇ ಗತಿ. ಇತ್ತ ಗೋಮಾಗೆ ಅಂಟಿಕೊಂಡೇ ರುವಾಂಡಾದ ಗಿಸೆನಿ ಪಟ್ಟಣವಿದೆ. ಬೀದಿ ದಾಟಿದರೆ ಬೇರೆ ದೇಶ. ಗಿಸೆನಿಯಿಂದ ರುವಾಂಡಾದ ರಾಜಧಾನಿ ಕಿಗಾಲಿಗೆ ಒಳ್ಳೆಯ ಡಾಂಬರು ರಸ್ತೆಯಲ್ಲಿ ಮೂರು-ನಾಲ್ಕು ತಾಸು.

ವರದಿಗಾರನೊಬ್ಬ ಗೋಮಾಗೆ ಹೋಗಬೇಕು ಅಂದುಕೊಳ್ಳಿ. ಊರು ಬಿದ್ದ ಮೇಲೆ ಅಲ್ಲಿನ ವಿಮಾನ ನಿಲ್ದಾಣ ಮುಚ್ಚಿತು. ಉಳಿದ ಸಲೀಸು ದಾರಿ ಅಂದರೆ ಕಿಗಾಲಿಗೆ ಹಾರಿ, ಕಾರು ಹಿಡಿದು, ಗಿಸೆನಿಯಲ್ಲಿ ಗಡಿ ದಾಟುವುದು. ಅಂದರೆ ಜಗಳದ ಒಂದು ಕಡೆಯವರ ಅಂಗಳದಿಂದಲೇ ಒಳಗೆ ಹೋಗಬೇಕು. ಬೇಡ ಅಂದರೆ ಕಿನ್ಶಾಸಾದಲ್ಲಿ ಕೂತು ಮಂತ್ರಿಗಳ ಹೇಳಿಕೆ ಬರೆದುಕೊಳ್ಳಬೇಕು. ಅದು ಇನ್ನೊಂದು ಕಡೆಯವರ ಅಂಗಳ. ಯಾರೂ ಯಾರನ್ನೂ ಕೊಂಡುಕೊಂಡಿರಬೇಕಾಗಿಲ್ಲ. ಎಲ್ಲಿಂದ ಬಂದಿರಿ ಅನ್ನುವುದೇ ಏನು ಕಂಡಿರಿ ಅನ್ನುವುದನ್ನು ಅರ್ಧ ತೀರ್ಮಾನ ಮಾಡಿಬಿಡುತ್ತದೆ.

‘ಬಂಡುಕೋರ’ ಅಂದರೆ ಯಾರು?

ಕನ್ನಡದಲ್ಲಿ ಬಂಡು ಅನ್ನುವ ಪದಕ್ಕೆ ಒಂದು ಮರ್ಯಾದೆ ಇದೆ. ಹಲಗಲಿಯ ಬೇಡರ ಬಂಡಿನ ಮೇಲೆ ಲಾವಣಿ ಇದೆ. 1980ರಲ್ಲಿ ನರಗುಂದ, ನವಲಗುಂದದ ರೈತರು ಎದ್ದಾಗ ನಾವು ಅದನ್ನು ಬಂಡಾಯ ಅಂದೆವು. ಒಂದು ಸಾಹಿತ್ಯ ಚಳವಳಿಗೇ ಆ ಹೆಸರಿಟ್ಟೆವು. ಹಾಗಾಗಿ ‘ಬಂಡುಕೋರ’ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವ ಚಿತ್ರ ಒಂದೇ: ಒಳಗಿನವನೊಬ್ಬ ತನ್ನ ಸರ್ಕಾರದ ವಿರುದ್ಧ ಎದ್ದಿದ್ದಾನೆ. ಏಜೆನ್ಸಿಯಿಂದ ಬಂದ ಕಾಪಿಯನ್ನು ಪೇಜ್ ಬಿಡುವ ಹೊತ್ತಿನಲ್ಲಿ ಕನ್ನಡಕ್ಕೆ ತರುವ ಉಪಸಂಪಾದಕರಿಗೆ ಬೇರೆ ಪದ ಹುಡುಕುವ ವ್ಯವಧಾನ ಎಲ್ಲಿ?

ಎಂ23 ಈ ಚಿತ್ರಕ್ಕೆ ಅರ್ಧ ಹೊಂದುತ್ತದೆ, ಅರ್ಧ ಹೊಂದುವುದಿಲ್ಲ.

ಹೆಸರಿನಿಂದ ಶುರು ಮಾಡೋಣ. ಎಂ ಅಂದರೆ ಮಾರ್ಚ್, 23 ಅಂದರೆ ತಾರೀಖು. 2009ರ ಮಾರ್ಚ್ 23ರಂದು ಕಾಂಗೋ ಸರ್ಕಾರ ಸಿಎನ್‌ಡಿಪಿ ಎಂಬ ಹಳೆಯ ಸಶಸ್ತ್ರ ಗುಂಪಿನ ಜೊತೆ ಒಪ್ಪಂದ ಮಾಡಿಕೊಂಡಿತು. ಆ ಗುಂಪಿನ ಹೋರಾಟಗಾರರು ದೇಶದ ಸೇನೆಗೆ ಸೇರಿದರು. 2012ರಲ್ಲಿ ಅವರಲ್ಲೊಂದು ಪಾಲು, ಒಪ್ಪಂದ ಪಾಲಿಸಲಿಲ್ಲ ಎಂದು ಸೇನೆ ಬಿಟ್ಟು ತಿರುಗಿಬಿತ್ತು. ಅದೇ ವರ್ಷ ನವೆಂಬರ್ 20ಕ್ಕೆ ಗೋಮಾ ಹಿಡಿಯಿತು. ಹೌದು, 2025ರದ್ದು ಮೊದಲ ಸಲವಲ್ಲ. ಆಗ ರುವಾಂಡಾಗೆ ನೆರವು ಕೊಡುತ್ತಿದ್ದ ದೇಶಗಳು ಕೈ ಬಿಗಿಹಿಡಿದವು. ಹತ್ತು-ಹನ್ನೊಂದು ದಿನಗಳಲ್ಲಿ ಎಂ23 ಊರು ಬಿಟ್ಟಿತು. 2013ರ ನವೆಂಬರ್‌ನಲ್ಲಿ ಕಾಂಗೋ ಸೇನೆ ಮತ್ತು ವಿಶ್ವಸಂಸ್ಥೆಯ ವಿಶೇಷ ದಳ ಸೇರಿ ಅದನ್ನು ಸೋಲಿಸಿದವು. ಸುದ್ದಿ ಮುಗಿಯಿತು ಎಂದು ಎಲ್ಲರೂ ಕ್ಯಾಮೆರಾ ಮಡಚಿದರು. 2021ರ ನವೆಂಬರ್‌ನಲ್ಲಿ ಅದು ಮತ್ತೆ ಎದ್ದಿತು. 2022ರ ಜೂನ್‌ನಲ್ಲಿ ಉಗಾಂಡಾ ಗಡಿಯ ಬುನಗಾನಾ, ನಂತರ ಒಂದೊಂದೇ ಊರು, ರಸ್ತೆ, ಗುಡ್ಡ. ಮೂರು ವರ್ಷ ನಿಧಾನಕ್ಕೆ ನಡೆದ ಈ ಮುತ್ತಿಗೆಯನ್ನು ನೋಡದವರಿಗೆ 2025ರ ಜನವರಿ ದಿಢೀರ್ ಅನ್ನಿಸಿತು.

ಈಗ ‘ಬೆಂಬಲಿತ’. ಈ ಪದ ಓದಿದರೆ ಏನನ್ನಿಸುತ್ತದೆ? ಯಾರೋ ದೂರದಿಂದ ದುಡ್ಡು ಕಳಿಸುತ್ತಿದ್ದಾರೆ, ನಾಲ್ಕು ಬಂದೂಕು ಕೊಟ್ಟಿದ್ದಾರೆ. ವಿಶ್ವಸಂಸ್ಥೆಯ ತಜ್ಞರ ತಂಡ 2024ರ ಜುಲೈನಲ್ಲಿ ಹೇಳಿದ್ದು ಬೇರೆ. ರುವಾಂಡಾದ 3,000ದಿಂದ 4,000 ಸೈನಿಕರು ಎಂ23 ಜೊತೆ ಕಾಂಗೋ ನೆಲದಲ್ಲೇ ಇದ್ದಾರೆ, ಕಾರ್ಯಾಚರಣೆಯ ಲಗಾಮು ವಾಸ್ತವದಲ್ಲಿ ರುವಾಂಡಾ ಸೇನೆಯ ಕೈಯಲ್ಲಿದೆ ಎಂದಿತು. ರುವಾಂಡಾ ಇದನ್ನು ಒಪ್ಪುವುದಿಲ್ಲ. ತನ್ನದು ಗಡಿ ಕಾಯುವ ರಕ್ಷಣಾ ಕ್ರಮ ಮಾತ್ರ ಅನ್ನುತ್ತದೆ. ಒಂದು ದೇಶದ ಸಾವಿರಾರು ಸೈನಿಕರು ಇನ್ನೊಂದು ದೇಶದೊಳಗೆ ಯುದ್ಧ ಮಾಡುತ್ತಿದ್ದರೆ ಅದಕ್ಕೆ ಬೇರೆ ಪದ ಇದೆ. ಉಕ್ರೇನ್ ವಿಷಯದಲ್ಲಿ ನಾವು ಆ ಪದವನ್ನು ದಿನಾ ಓದಿದೆವು: ಆಕ್ರಮಣ. ಗೋಮಾಗೆ ಸಿಕ್ಕಿದ್ದು ‘ಬೆಂಬಲಿತ’.

ಇಷ್ಟು ಓದಿ, ಹಾಗಾದರೆ ಎಂ23 ಅಂದರೆ ರುವಾಂಡಾದ ಬೊಂಬೆ, ಇಷ್ಟೇ ತಾನೇ ಅಂದರೆ ಅದೂ ಇನ್ನೊಂದು ಅಚ್ಚಿಗೆ ಬಿದ್ದಂತೆಯೇ. ಕಿನ್ಶಾಸಾ ಸರ್ಕಾರಕ್ಕೆ ಇಷ್ಟವಾದ ಅಚ್ಚು ಅದು. ಎಲ್ಲಕ್ಕೂ ಪಕ್ಕದ ಮನೆಯವರು ಕಾರಣ ಅಂದುಬಿಟ್ಟರೆ ತನ್ನ ಸೇನೆಗೆ ಸಂಬಳ ಯಾಕೆ ಸರಿಯಾಗಿ ಸಿಗುವುದಿಲ್ಲ ಎಂದು ಯಾರೂ ಕೇಳುವುದಿಲ್ಲ.

ಪೂರ್ವ ಕಾಂಗೋದಲ್ಲಿ ಕಿನ್ಯಾರುವಾಂಡಾ ಭಾಷೆ ಆಡುವ ಲಕ್ಷಾಂತರ ಜನರಿದ್ದಾರೆ. ಕೆಲವರು ಯೂರೋಪಿನವರು ಗಡಿ ಗೆರೆ ಎಳೆಯುವ ಮೊದಲಿನಿಂದಲೂ ಅಲ್ಲಿನವರು. ಕೆಲವರನ್ನು 1937ರಿಂದ ಮುಂದೆ ಬೆಲ್ಜಿಯಂ ಆಡಳಿತವೇ ರುವಾಂಡಾದಿಂದ ಗೋಮಾ ಬಳಿಯ ಮಾಸಿಸಿಯ ತೋಟಗಳಿಗೆ ಕೂಲಿಗೆಂದು ಕರೆತಂದಿತು. ಕೆಲವರು 1959ರ ನಂತರ ರುವಾಂಡಾದ ಹಿಂಸೆಗೆ ಹೆದರಿ ಓಡಿಬಂದವರು. ಸ್ಥಳೀಯರಿಗೆ ಇವರೆಲ್ಲ ಒಂದೇ, ಹೊರಗಿನವರು. 1972ರಲ್ಲಿ ಒಂದು ಕಾನೂನು ಇವರಲ್ಲಿ ಹೆಚ್ಚಿನವರಿಗೆ ಪೌರತ್ವ ಕೊಟ್ಟಿತು. 1981ರಲ್ಲಿ ಇನ್ನೊಂದು ಕಾನೂನು ಅದನ್ನು ಕಿತ್ತುಕೊಂಡಿತು. ನಿಮ್ಮ ಪೂರ್ವಿಕರು 1885ರಲ್ಲೇ ಇಲ್ಲಿದ್ದರು ಅಂತ ತೋರಿಸಿ ಎಂದಿತು. ಯಾರ ಮನೆಯಲ್ಲಿದೆ ಸ್ವಾಮಿ 1885ರ ಕಾಗದ? ಪೌರತ್ವ ಹೋದರೆ ಜಮೀನೂ ಹೋಗುತ್ತದೆ. ಮಾಸಿಸಿಯ ಜಗಳದ ಬೇರು ಅಲ್ಲಿದೆ. 2004ರ ಕಾನೂನು ಇದನ್ನು ಕಾಗದದ ಮೇಲೆ ಬಹುಮಟ್ಟಿಗೆ ಸರಿಮಾಡಿತು. ಊರಿನ ಮನಸ್ಸಿನಲ್ಲಿ ಅಲ್ಲ.

ಈ ನೋವು ನಿಜ. ಎಂ23 ಈ ನೋವಿನ ಹೆಸರಲ್ಲಿ ಮಾತಾಡುತ್ತದೆ ಅನ್ನುವುದೂ ನಿಜ. ಆದರೆ ಆ ಜನರೆಲ್ಲ ಎಂ23ನ ಹಿಂದಿದ್ದಾರೆ ಅಂದುಕೊಂಡರೆ ತಪ್ಪು. ಪಕ್ಕದ ದೇಶದ ಸೇನೆ ತಮ್ಮ ಹೆಸರಲ್ಲಿ ಬಂದ ಪ್ರತಿ ಸಲವೂ ಅಕ್ಕಪಕ್ಕದವರ ಸಿಟ್ಟು ತಮ್ಮ ಮೇಲೆ ತಿರುಗಿದ್ದನ್ನು ಅವರು ನೋಡಿದ್ದಾರೆ.

ಎದುರುಗಡೆ ಇರುವುದೂ ಬರೀ ‘ಸರ್ಕಾರಿ ಸೇನೆ’ ಅಲ್ಲ. ವಜಲೆಂಡೊ ಎಂದು ಕರೆಸಿಕೊಳ್ಳುವ ಸ್ಥಳೀಯ ಸಶಸ್ತ್ರ ಗುಂಪುಗಳಿವೆ. ಸ್ವಾಹಿಲಿಯಲ್ಲಿ ಆ ಪದಕ್ಕೆ ದೇಶಪ್ರೇಮಿಗಳು ಎಂದರ್ಥ. ರುವಾಂಡಾದಲ್ಲಿ 1994ರ ನರಮೇಧ ಮಾಡಿದವರ ಉಳಿಕೆಯಿಂದ ಹುಟ್ಟಿದ ಎಫ್‌ಡಿಎಲ್‌ಆರ್ ಎಂಬ ಸಶಸ್ತ್ರ ಗುಂಪು ಇದೆ. ಬುರುಂಡಿಯ ಸೇನೆ ಇದೆ. ದಕ್ಷಿಣ ಆಫ್ರಿಕಾ, ಟಾಂಜಾನಿಯಾ, ಮಲಾವಿಯ ಸೈನಿಕರಿದ್ದರು. ಗೋಮಾ ಬಿದ್ದಾಗ ಸುಮಾರು 300 ರೊಮೇನಿಯಾದ ಬಾಡಿಗೆ ಸಿಪಾಯಿಗಳು ಶರಣಾಗಿ, ಗಿಸೆನಿಯ ಮೂಲಕ ಸಾಲಾಗಿ ನಡೆದು ಮನೆಗೆ ಹೋದರು. ರೊಮೇನಿಯಾ! ಈ ಒಂದು ದೃಶ್ಯವನ್ನು ನೆಟ್ಟಗೆ ವಿವರಿಸಿದ್ದರೆ ಸಾಕಿತ್ತು, ಇದು ಒಂದು ದೇಶದೊಳಗಿನ ದಂಗೆ ಅಲ್ಲ ಅನ್ನುವುದು ಓದುಗರಿಗೆ ಹೊಳೆಯುತ್ತಿತ್ತು.

ಬುಡಕಟ್ಟು ಕಾದಾಟ ಅನ್ನುವ ಸೋಮಾರಿತನ

ಎರಡು ಸಾಲು ಜಾಸ್ತಿ ಜಾಗ ಸಿಕ್ಕರೆ ಸುದ್ದಿಯಲ್ಲಿ ಇನ್ನೊಂದು ಇಟ್ಟಿಗೆ ಬರುತ್ತದೆ: ‘ಹುಟು ಮತ್ತು ಟುಟ್ಸಿ ಬುಡಕಟ್ಟುಗಳ ನಡುವಿನ ಶತಮಾನಗಳ ದ್ವೇಷ’. ರುವಾಂಡಾದಲ್ಲೂ ಪೂರ್ವ ಕಾಂಗೋದಲ್ಲೂ ಇರುವ ಎರಡು ಸಮುದಾಯಗಳಿವು. ಎಂ23ನ ಮುಂದಾಳುಗಳು ಹೆಚ್ಚಾಗಿ ಟುಟ್ಸಿಗಳು.

ಇದು ಎಷ್ಟು ಸರಿ ಅನ್ನುವುದಕ್ಕೆ ಒಂದು ಹೋಲಿಕೆ. 2016ರ ಸೆಪ್ಟೆಂಬರ್‌ನಲ್ಲಿ ಕಾವೇರಿ ಗಲಾಟೆಯಲ್ಲಿ ಬೆಂಗಳೂರಿನಲ್ಲಿ ಬಸ್ಸುಗಳು ಉರಿದವು, ನೆನಪಿದೆ ಅಲ್ವಾ? ಆಗ ಯಾವುದೋ ದೂರದೇಶದ ಪತ್ರಿಕೆ ‘ಕನ್ನಡ ಮತ್ತು ತಮಿಳು ಬುಡಕಟ್ಟುಗಳ ನಡುವೆ ಶತಮಾನಗಳ ದ್ವೇಷ ಮತ್ತೆ ಭುಗಿಲೆದ್ದಿದೆ’ ಎಂದು ಬರೆದಿದ್ದರೆ? ನಾವು ನಗುತ್ತಿದ್ದೆವು, ಇಲ್ಲ ಸಿಟ್ಟಾಗುತ್ತಿದ್ದೆವು. 1892 ಮತ್ತು 1924ರ ಒಪ್ಪಂದಗಳೆಲ್ಲಿ, ನ್ಯಾಯಮಂಡಳಿ ಎಲ್ಲಿ, ಸುಪ್ರೀಂ ಕೋರ್ಟ್ ಆದೇಶ ಎಲ್ಲಿ, ಮಳೆ ಕೈಕೊಟ್ಟಿದ್ದೆಲ್ಲಿ, ಮಂಡ್ಯದ ರೈತ ಎಲ್ಲಿ ಎಂದು ಕೇಳುತ್ತಿದ್ದೆವು. ನಮ್ಮ ಜಗಳಕ್ಕೆ ಕಾರಣ, ಕಾಗದ, ಕೋರ್ಟು ಎಲ್ಲ ಇರುತ್ತವೆ. ಅವರ ಜಗಳ ಮಾತ್ರ ರಕ್ತದಲ್ಲೇ ಬಂದಿರುತ್ತದೆ.

ಹುಟು ಮತ್ತು ಟುಟ್ಸಿ ನಾವು ಅಂದುಕೊಳ್ಳುವ ಅರ್ಥದಲ್ಲಿ ಬುಡಕಟ್ಟುಗಳೇ ಅಲ್ಲ. ಇಬ್ಬರದ್ದೂ ಒಂದೇ ಭಾಷೆ, ಒಂದೇ ಗುಡ್ಡ, ಹೆಚ್ಚಿನವರಿಗೆ ಒಂದೇ ಚರ್ಚು. ಆಳುವವರು, ದನ ಇರುವವರು, ಬೇಸಾಯದವರು ಅನ್ನುವ ಮೇಲುಕೀಳು ಮೊದಲೇ ಇತ್ತು. ಆದರೆ 1930ರ ದಶಕದಲ್ಲಿ ಬೆಲ್ಜಿಯಂ ಆಡಳಿತ ಪ್ರತಿಯೊಬ್ಬರ ಗುರುತಿನ ಚೀಟಿಯಲ್ಲಿ ನೀನು ಇಂಥವನು ಎಂದು ಬರೆಸಿ, ಗೆರೆ ದಾಟದಂತೆ ಮಾಡಿತು. 1994ರಲ್ಲಿ ರಸ್ತೆ ತಡೆಗಳಲ್ಲಿ ಕೇಳಿದ್ದು ಆ ಚೀಟಿಯನ್ನೇ. ಜಾತಿ ಕಾಲಂ ಇರುವ ಅರ್ಜಿಗಳನ್ನು ತುಂಬಿ ಬೆಳೆದ ನಮಗೆ ಇದು ಅರ್ಥವಾಗದ ವಿಷಯವೇನಲ್ಲ. ಹೇಳಿದರೆ ಅರ್ಥವಾಗುತ್ತದೆ. ಹೇಳುವುದಿಲ್ಲ ಅಷ್ಟೆ.

1994ರ ವಿಷಯ ಬಂತಲ್ಲ, ಅಲ್ಲಿ ಸ್ವಲ್ಪ ನಿಲ್ಲೋಣ. ಗೋಮಾ ಜಗತ್ತಿನ ಟಿವಿ ಪರದೆಗೆ ಬಂದದ್ದೇ ಆಗ, ಅದೂ ತಲೆಕೆಳಗಾಗಿ.

ಆ ವರ್ಷ ಏಪ್ರಿಲ್‌ನಿಂದ ಸುಮಾರು 100 ದಿನಗಳಲ್ಲಿ ರುವಾಂಡಾದಲ್ಲಿ 8 ಲಕ್ಷದಷ್ಟು ಜನರನ್ನು ಕೊಂದರು. ಹೆಚ್ಚಿನವರು ಟುಟ್ಸಿಗಳು. ಆಗ ಆಫ್ರಿಕಾದಲ್ಲಿದ್ದ ವರದಿಗಾರರ ಕಣ್ಣೆಲ್ಲ ದಕ್ಷಿಣ ಆಫ್ರಿಕಾದ ಮೇಲಿತ್ತು. ಮಂಡೇಲಾ ಗೆದ್ದ ಚುನಾವಣೆ ಅದೇ ಏಪ್ರಿಲ್‌ನಲ್ಲಿ. ರುವಾಂಡಾದಿಂದ ಬರುತ್ತಿದ್ದ ಚೂರುಪಾರು ಸುದ್ದಿಗಳಲ್ಲಿ ‘ಅರಾಜಕತೆ’, ‘ಬುಡಕಟ್ಟು ಹಿಂಸೆ’ ಎಂಬ ಪದಗಳಿದ್ದವು. ಒಂದು ಸರ್ಕಾರವೇ ಪಟ್ಟಿ ಇಟ್ಟುಕೊಂಡು ಕೊಲ್ಲಿಸುತ್ತಿದೆ ಅನ್ನುವುದು ಜನರಿಗೆ ತಿಳಿಯುವಷ್ಟರಲ್ಲಿ ಹೆಚ್ಚಿನ ಕೊಲೆಗಳು ಆಗಿಹೋಗಿದ್ದವು.

ಜುಲೈನಲ್ಲಿ ಕೊಂದ ಸರ್ಕಾರ ಟುಟ್ಸಿ ಮುಂದಾಳತ್ವದ ಪಡೆಯೊಂದರ ಎದುರು ಸೋತಿತು, ಆ ಪಡೆಯೇ ರುವಾಂಡಾದ ಹೊಸ ಸರ್ಕಾರ ಕಟ್ಟಿತು. ಲಕ್ಷಾಂತರ ಹುಟುಗಳು ಕೆಲವೇ ದಿನಗಳಲ್ಲಿ ಗಡಿ ದಾಟಿ ಗೋಮಾಗೆ ಬಂದರು. ಅವರ ನಡುವೆಯೇ ಸೋತ ಸೇನೆ, ಕೊಲೆಗಡುಕ ಪಡೆಗಳೂ ಬಂದವು. ಕಾಲರಾ ಹಬ್ಬಿತು, ಹತ್ತಾರು ಸಾವಿರ ಜನ ಸತ್ತರು. ಆಗ ಬಂದವು ಕ್ಯಾಮೆರಾಗಳು. ಗೋಮಾದಲ್ಲಿ ವಿಮಾನ ಇಳಿಯುತ್ತಿತ್ತು, ಚಿತ್ರಗಳು ಕರುಳು ಹಿಂಡುವಂತಿದ್ದವು. ನೋಡಿದವರಲ್ಲಿ ಎಷ್ಟೋ ಜನರಿಗೆ ಇವರೇ ನರಮೇಧಕ್ಕೆ ತುತ್ತಾದವರು ಅನ್ನಿಸಿತು. ನೆರವು ಹರಿದುಬಂತು. ಶಿಬಿರಗಳಲ್ಲಿ ಅಕ್ಕಿ-ಬೇಳೆ ಹಂಚುವ ಹಿಡಿತ ಕೊಂದವರ ಮುಖಂಡರ ಕೈಯಲ್ಲಿತ್ತು. ಅವರು ಅಲ್ಲೇ ಮತ್ತೆ ಪಡೆ ಕಟ್ಟಿದರು. 1996ರಲ್ಲಿ ರುವಾಂಡಾ ಆ ಶಿಬಿರಗಳ ಮೇಲೆ ಬಿತ್ತು, ಕಾಂಗೋದ ಮೊದಲ ಯುದ್ಧ ಶುರುವಾಯಿತು. ಮುಂದಿನ ವರ್ಷ ಕಾಂಗೋವನ್ನು ಆಳುತ್ತಿದ್ದ ಸರ್ವಾಧಿಕಾರಿ ಮೊಬುಟುವಿನ ಸರ್ಕಾರ ಉರುಳಿತು. 1998ರಲ್ಲಿ ಎರಡನೇ ಯುದ್ಧ, ಅದಕ್ಕೆ ಅಂಗೋಲಾ, ಜಿಂಬಾಬ್ವೆ, ಉಗಾಂಡಾ ಎಲ್ಲ ಬಂದು ಸೇರಿದವು. ಈ ಸರಪಳಿಯ ಕೊನೆಯ ಕೊಂಡಿ ಎಂ23.

ಅಂದು ತಡವಾಗಿ ಬಂದ ಕ್ಯಾಮೆರಾಗಳ ಇನ್ನೊಂದು ಫಲವೂ ಇದೆ. ನಾವು ಸಾಯುವಾಗ ನೀವೆಲ್ಲಿದ್ದಿರಿ ಎಂದು ರುವಾಂಡಾ ಇಂದಿಗೂ ಕೇಳುತ್ತದೆ. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರವಿಲ್ಲದವರು ಕಿಗಾಲಿಯ ಸ್ವಚ್ಛ ಬೀದಿಗಳ ಬಗ್ಗೆ ಬರೆದರು. ಫುಟ್‌ಬಾಲ್ ನೋಡುವವರಿಗೆ ಗೊತ್ತು, 2018ರಿಂದ ಆರ್ಸೆನಲ್ ಆಟಗಾರರ ತೋಳಿನ ಮೇಲೆ ‘ವಿಸಿಟ್ ರುವಾಂಡಾ’ ಎಂದಿತ್ತು. ಗೋಮಾ ಬಿದ್ದ ಮೇಲೆ ಕಾಂಗೋದ ವಿದೇಶಾಂಗ ಮಂತ್ರಿ ಆ ಕ್ಲಬ್‌ಗೂ ಪ್ಯಾರಿಸ್, ಮ್ಯೂನಿಕ್‌ನ ಕ್ಲಬ್‌ಗಳಿಗೂ ಪತ್ರ ಬರೆದು ಇದನ್ನು ನಿಲ್ಲಿಸಿ ಎಂದು ಕೇಳಿದರು.

ಮೊಬೈಲ್‌ಗಾಗಿ ಯುದ್ಧ?

ನಮ್ಮಲ್ಲಿ ಹೆಚ್ಚು ಓಡುವ ಕಥೆ ಇದು. ನಿಮ್ಮ ಕೈಯಲ್ಲಿರುವ ಫೋನ್‌ನಲ್ಲಿ ಕಾಂಗೋದ ರಕ್ತ ಇದೆ ಅನ್ನುವ ಕಥೆ. ಓದಿದ ಕೂಡಲೇ ಎದೆಗೆ ತಟ್ಟುತ್ತದೆ, ಯಾಕೆಂದರೆ ಅದರಲ್ಲಿ ನಾವೂ ಇದ್ದೇವೆ.

ಸುಳ್ಳಲ್ಲ. ಗೋಮಾದ ಪಶ್ಚಿಮಕ್ಕೆ ರುಬಾಯಾ ಎಂಬ ಗಣಿ ಊರಿದೆ. ಅಲ್ಲಿ ಜನ ಗುದ್ದಲಿ, ಹಾರೆ ಹಿಡಿದು ಕೋಲ್ಟಾನ್ ಅಗೆಯುತ್ತಾರೆ. ಅದರಿಂದ ಟ್ಯಾಂಟಲಂ ಸಿಗುತ್ತದೆ, ಅದು ಫೋನ್, ಲ್ಯಾಪ್‌ಟಾಪ್‌ಗಳ ಪುಟ್ಟ ಕೆಪಾಸಿಟರ್‌ಗಳಿಗೆ ಬೇಕು. ಜಗತ್ತಿನ ಟ್ಯಾಂಟಲಂನಲ್ಲಿ ಸುಮಾರು ಶೇ 15 ರುಬಾಯಾದ್ದೇ ಎಂಬ ಅಂದಾಜಿದೆ. 2024ರ ಏಪ್ರಿಲ್ ಕೊನೆಗೆ ಎಂ23 ಅದನ್ನು ಹಿಡಿಯಿತು. ಅಲ್ಲಿನ ವಹಿವಾಟಿಗೆ ಹಾಕುವ ತೆರಿಗೆಯಿಂದ ತಿಂಗಳಿಗೆ ಸುಮಾರು 8 ಲಕ್ಷ ಡಾಲರ್ ಬರುತ್ತದೆ ಎಂದು ವಿಶ್ವಸಂಸ್ಥೆಯ ತಜ್ಞರು ಲೆಕ್ಕ ಹಾಕಿದರು.

ಆದರೆ ಖನಿಜದಿಂದ ಯುದ್ಧ ನಡೆಯುತ್ತದೆ ಅನ್ನುವುದಕ್ಕೂ ಖನಿಜಕ್ಕಾಗಿಯೇ ಯುದ್ಧ ಹುಟ್ಟಿತು ಅನ್ನುವುದಕ್ಕೂ ತುಂಬ ವ್ಯತ್ಯಾಸವಿದೆ. ಜಮೀನಿನ ಜಗಳ, ಪೌರತ್ವದ ಜಗಳ, 1994ರ ಬೆಂಕಿ ಇವೆಲ್ಲ ಕೋಲ್ಟಾನ್ ಬೆಲೆ ಏರುವ ಮೊದಲಿನವು. ಪೂರ್ವ ಕಾಂಗೋದಲ್ಲಿ 100ಕ್ಕೂ ಹೆಚ್ಚು ಸಶಸ್ತ್ರ ಗುಂಪುಗಳಿವೆ. ಗಣಿಯೇ ಇಲ್ಲದ ಕಡೆಯೂ ಇವೆ. ಬಂದೂಕು ಇದ್ದವನಿಗೆ ದುಡ್ಡಿನ ದಾರಿ ಹತ್ತಾರು. ರಸ್ತೆಗೆ ಹಗ್ಗ ಕಟ್ಟಿ ಲಾರಿಯಿಂದ ವಸೂಲಿ ಮಾಡಬಹುದು. ಇದ್ದಿಲು, ಮರ, ದನ, ಸಂತೆ ಸುಂಕ, ಏನು ಬೇಕಾದರೂ ಆದೀತು. ಇದ್ದಿಲಿನ ಮೇಲೆ ಶೀರ್ಷಿಕೆ ಬರುವುದಿಲ್ಲ.

ಕಥೆ ಸಲೀಸಾಗಿದ್ದರೆ ಪರಿಹಾರವೂ ಸಲೀಸು ಅನ್ನಿಸುತ್ತದೆ. ಈ ಕಥೆಯಿಂದ ಆದ ಅನಾಹುತ ದಾಖಲೆಯಲ್ಲಿದೆ. 2010ರಲ್ಲಿ ಅಮೆರಿಕದ ಸಂಸತ್ತು ಡಾಡ್-ಫ್ರಾಂಕ್ ಎಂಬ ದೊಡ್ಡ ಹಣಕಾಸು ಕಾನೂನಿನೊಳಗೆ ಒಂದು ಕಲಂ ಸೇರಿಸಿತು. ತವರ, ಟ್ಯಾಂಟಲಂ, ಟಂಗ್‌ಸ್ಟನ್, ಚಿನ್ನ ಬಳಸುವ ಕಂಪನಿಗಳು, ಅದು ಕಾಂಗೋ ಕಡೆಯದ್ದಾದರೆ ಎಲ್ಲಿಂದ ಬಂತು ಎಂದು ಪರೀಕ್ಷಿಸಿ ಹೇಳಬೇಕು ಎಂದಿತು. ಪರೀಕ್ಷಿಸುವ ತಲೆನೋವಿಗಿಂತ ಅಲ್ಲಿಂದ ಕೊಳ್ಳದೇ ಇರುವುದು ಎಷ್ಟೋ ಕಂಪನಿಗಳಿಗೆ ಸುಲಭವಾಯಿತು. ಅದೇ ಸೆಪ್ಟೆಂಬರ್‌ನಲ್ಲಿ ಕಾಂಗೋ ಅಧ್ಯಕ್ಷ ಜೋಸೆಫ್ ಕಬಿಲಾ ಪೂರ್ವದ ಮೂರು ಪ್ರಾಂತ್ಯಗಳಲ್ಲಿ ಕೈಗಣಿಗಾರಿಕೆಯನ್ನೇ ನಿಲ್ಲಿಸಿದರು. ಆರು ತಿಂಗಳು ನಿಷೇಧ. ಗುದ್ದಲಿಯಿಂದ ಹೊಟ್ಟೆ ಹೊರೆಯುತ್ತಿದ್ದವರ ಕೂಲಿ ಹೋಯಿತು, ಮಕ್ಕಳ ಶಾಲೆ ಫೀಸು ಹೋಯಿತು. ಸಶಸ್ತ್ರ ಗುಂಪುಗಳು? ಅವು ಜೇಬಲ್ಲಿಟ್ಟು ಗಡಿ ದಾಟಿಸಬಹುದಾದ ಚಿನ್ನದತ್ತ ಹೊರಳಿದವು.

ಕಾಂಗೋದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಸಂಶೋಧಕಿ ಸೆವೆರಿನ್ ಓಟೆಸೆರ್ 2012ರಲ್ಲೇ ಇದನ್ನು ಬಿಡಿಸಿ ಹೇಳಿದ್ದರು. ಹೊರಜಗತ್ತು ಕಾಂಗೋದ ಬಗ್ಗೆ ಮೂರೇ ಕಥೆ ಹೇಳಿಕೊಂಡಿದೆ ಎಂಬುದು ಅವರ ವಾದ. ಕಾರಣ ಖನಿಜ, ಫಲ ಮಹಿಳೆಯರ ಮೇಲಿನ ಅತ್ಯಾಚಾರ, ಮದ್ದು ಸರ್ಕಾರದ ಹಿಡಿತವನ್ನು ಬಲಪಡಿಸುವುದು. ಮೂರರಲ್ಲೂ ನಿಜ ಇದೆ. ಮೂರೇ ಉಳಿದದ್ದರಿಂದ ಜಮೀನಿನ ಜಗಳ, ಊರೊಳಗಿನ ಅಧಿಕಾರದ ಜಗಳ, ಸರ್ಕಾರಿ ಸೈನಿಕರೇ ಜನರನ್ನು ಸುಲಿಯುವುದು ಇವೆಲ್ಲ ಪಕ್ಕಕ್ಕೆ ಸರಿದವು. ಅತ್ಯಾಚಾರದ ವಿಷಯ ಹೇಳಲೇಬೇಕಾದದ್ದು, ಅನುಮಾನವೇ ಇಲ್ಲ. ಆದರೆ ಗೋಮಾಗೆ ಬಂದ ಪ್ರತಿ ವಿದೇಶಿ ತಂಡವೂ ಅದೇ ಆಸ್ಪತ್ರೆಗೆ ಹೋಗಿ, ನೊಂದ ಹೆಂಗಸರ ಬಾಯಿಂದ ಅದೇ ಕಥೆಯನ್ನು ಮತ್ತೆ ಮತ್ತೆ ಹೇಳಿಸುವುದಿದೆಯಲ್ಲ, ಅದನ್ನು ಪತ್ರಿಕೋದ್ಯಮ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಅಂಕಿಗಳು ಎಲ್ಲಿಂದ ಬರುತ್ತವೆ

‘ಕಾಂಗೋ ಯುದ್ಧದಲ್ಲಿ 54 ಲಕ್ಷ ಜನರ ಹತ್ಯೆ.’ ಈ ಅಂಕಿಯನ್ನು ನೀವೂ ಎಲ್ಲಾದರೂ ಓದಿರುತ್ತೀರಿ. ಇದರ ಹಿಂದೆ ಒಂದು ನಿಜವಾದ ಸಮೀಕ್ಷೆ ಇದೆ. ಇಂಟರ್‌ನ್ಯಾಷನಲ್ ರೆಸ್ಕ್ಯೂ ಕಮಿಟಿ ಎಂಬ ಸಂಸ್ಥೆ ಮನೆಮನೆಗೆ ಹೋಗಿ, ಇಷ್ಟು ತಿಂಗಳಲ್ಲಿ ನಿಮ್ಮಲ್ಲಿ ಎಷ್ಟು ಜನ ತೀರಿಕೊಂಡರು ಎಂದು ಕೇಳಿತು. ಯುದ್ಧ ಇಲ್ಲದಿದ್ದರೆ ಸಾವಿರ ಜನರಲ್ಲಿ ತಿಂಗಳಿಗೆ ಸುಮಾರು 1.5 ಸಾವು ಎಂದು ಹಿಡಿಯಿತು. ಅದಕ್ಕಿಂತ ಎಷ್ಟು ಜಾಸ್ತಿ ಸತ್ತರೋ ಅದನ್ನು ಇಡೀ ದೇಶಕ್ಕೆ ಗುಣಿಸಿತು. 1998ರ ಆಗಸ್ಟ್‌ನಿಂದ 2007ರ ಏಪ್ರಿಲ್‌ವರೆಗೆ ಬಂದ ಉತ್ತರ 54 ಲಕ್ಷ.

ಗಮನಿಸಿ, ಇದು ಕೊಲೆಯಾದವರ ಎಣಿಕೆ ಅಲ್ಲ. ಬಹುಪಾಲು ಸಾವು ಮಲೇರಿಯಾ, ವಾಂತಿಭೇದಿ, ನ್ಯುಮೋನಿಯಾ, ಹಸಿವಿನಿಂದ. ಆಸ್ಪತ್ರೆ ಸುಟ್ಟುಹೋಗಿ, ಔಷಧಿ ಬರದೆ, ಕಾಡಿನಲ್ಲಿ ಅಡಗಿ ಸತ್ತವರು. ಅವರನ್ನು ಯುದ್ಧ ಕೊಲ್ಲಲಿಲ್ಲ ಅನ್ನಲಾಗುವುದಿಲ್ಲ. ಆದರೆ ಆ 1.5 ಸರಿಯೇ? ಕಾಂಗೋ ಯುದ್ಧಕ್ಕೆ ಮೊದಲೇ ಬಡದೇಶ, ಅಲ್ಲಿ ಸಾವಿನ ಪ್ರಮಾಣ ಮೊದಲೇ ಜಾಸ್ತಿ ಇದ್ದಿರಬಹುದು. ಹಾಗಿದ್ದರೆ ‘ಯುದ್ಧದಿಂದ’ ಅನ್ನುವ ಪಾಲು ತುಂಬ ಇಳಿಯುತ್ತದೆ. 2010ರಲ್ಲಿ ಕೆನಡಾದ ಸಂಶೋಧಕರು ಇದನ್ನು ಎತ್ತಿ ತೋರಿಸಿದರು. ಸುದ್ದಿಮನೆಗಳಲ್ಲಿ ಈ ಚರ್ಚೆ ನಡೆಯಲಿಲ್ಲ. ಸಮೀಕ್ಷೆ 2007ಕ್ಕೆ ನಿಂತಿತು, ಅಂಕಿ ಮಾತ್ರ ತನ್ನ ಪಾಡಿಗೆ ಬೆಳೆದು ಈಗ ‘60 ಲಕ್ಷ’ ಆಗಿದೆ.

ಚಿಕ್ಕ ಅಂಕಿಗಳೂ ಹೀಗೇ. 2022ರ ನವೆಂಬರ್ ಕೊನೆಗೆ ಕಿಶಿಶೆ ಎಂಬ ಹಳ್ಳಿಯಲ್ಲಿ ಎಂ23 ಜನರನ್ನು ಕೊಂದಿತು. ಕಾಂಗೋ ಸರ್ಕಾರ ಮೊದಲು 50 ಅಂದಿತು, ಕೆಲವು ದಿನ ಬಿಟ್ಟು 270ಕ್ಕೂ ಹೆಚ್ಚು ಅಂದಿತು. ದಾರಿತಪ್ಪಿದ ಗುಂಡಿಗೆ 8 ನಾಗರಿಕರು ಸತ್ತರು ಅಷ್ಟೆ ಎಂದಿತು ಎಂ23. ವಿಶ್ವಸಂಸ್ಥೆಯ ಪ್ರಾಥಮಿಕ ತನಿಖೆ ಕಿಶಿಶೆ ಮತ್ತು ಪಕ್ಕದ ಬಾಂಬೊ ಸೇರಿ ಕನಿಷ್ಠ 131 ಎಂದಿತು. ಅದೂ ಊರಿಗೆ ಹೋಗಲಾಗದೆ, ತಪ್ಪಿಸಿಕೊಂಡು ಬಂದವರನ್ನು ಮಾತಾಡಿಸಿ. ಸುದ್ದಿಯಲ್ಲಿ ಯಾವ ಅಂಕಿ ಬರುತ್ತದೆ? ಆ ಹೊತ್ತಿಗೆ ಮೇಜಿನ ಮೇಲೆ ಯಾವುದಿದೆಯೋ ಅದು. 2025ರಲ್ಲಿ ಗೋಮಾ ಬಿದ್ದ ವಾರ ಕನಿಷ್ಠ 700 ಸಾವು ಎಂದು ಬಂತು. ಕೆಲವೇ ದಿನಗಳಲ್ಲಿ ವಿಶ್ವಸಂಸ್ಥೆ 2,900 ಎಂದಿತು. ಮೊದಲ ಅಂಕಿ ಹಾಕಿದ ಕಡೆಗಳಲ್ಲಿ ಎರಡನೆಯದು ಎಷ್ಟು ಕಡೆ ಬಂತು ಹೇಳಿ. ಅಷ್ಟರಲ್ಲಿ ಗೋಮಾ ಹಳೆಯ ಸುದ್ದಿ.

ಬರೆಯುವವರು ಯಾರು, ನೋಡುವವರು ಯಾರು

ಗೋಮಾದಿಂದ ಬರುವ ವಿದೇಶಿ ವರದಿಯ ಹಿಂದೆ ಸಾಮಾನ್ಯವಾಗಿ ಒಬ್ಬ ಸ್ಥಳೀಯ ಪತ್ರಕರ್ತ ಇರುತ್ತಾನೆ. ದಾರಿ ಗೊತ್ತಿರುವವನು, ಸ್ವಾಹಿಲಿ, ಕಿನ್ಯಾರುವಾಂಡಾ, ಫ್ರೆಂಚ್ ಬಲ್ಲವನು, ಯಾವ ರಸ್ತೆ ತಡೆಯಲ್ಲಿ ಯಾರ ಹತ್ತಿರ ಹೇಗೆ ಮಾತಾಡಬೇಕೆಂದು ಬಲ್ಲವನು. ಈ ಕಸುಬಿನಲ್ಲಿ ಅವನಿಗೆ ಫಿಕ್ಸರ್ ಅನ್ನುತ್ತಾರೆ. ಎಷ್ಟೋ ಸಲ ವರದಿಯ ಮೇಲೆ ಅವನ ಹೆಸರಿರುವುದಿಲ್ಲ. ವಿದೇಶಿ ತಂಡ ವಾರಕ್ಕೆ ವಾಪಸ್ ಹೋಗುತ್ತದೆ. ಅವನು ಅಲ್ಲೇ ಇರಬೇಕು.

ಇರುವುದು ಸುಲಭವಲ್ಲ. 2025ರ ಜನವರಿಯಲ್ಲಿ, ಗೋಮಾ ಬೀಳುವ ಕೆಲವೇ ವಾರ ಮೊದಲು, ಎಂ23 ನಾಯಕನ ಸಂದರ್ಶನ ಪ್ರಸಾರ ಮಾಡಿದ್ದಕ್ಕೆ ಕಾಂಗೋ ಅಲ್ ಜಜೀರಾ ವಾಹಿನಿಯ ಮಾನ್ಯತೆ ಹಿಂಪಡೆಯಿತು. ಎಂ23 ಮತ್ತು ರುವಾಂಡಾ ಸೇನೆಯ ಚಟುವಟಿಕೆಗಳನ್ನು ಪ್ರಚಾರ ಮಾಡುವವರಿಗೆ ಮರಣದಂಡನೆಯಾದೀತು ಎಂದು ಆಗಿನ ಕಾನೂನು ಮಂತ್ರಿ ಎಚ್ಚರಿಸಿದರು. ಎಂ23 ಹಿಡಿದ ಊರುಗಳಲ್ಲಿ ಸಮುದಾಯ ರೇಡಿಯೊಗಳು ಲೂಟಿಯಾದವು, ಇಲ್ಲವೇ ಬಾಯಿ ಮುಚ್ಚಿದವು. ಒಬ್ಬರಿಗೆ ‘ದೇಶದ್ರೋಹಿ’, ಇನ್ನೊಬ್ಬರಿಗೆ ‘ಕಿನ್ಶಾಸಾದ ಏಜೆಂಟ್’. ಎರಡರ ನಡುವೆ ಉಳಿದವರು ಬರೆಯುವುದನ್ನೇ ಕಮ್ಮಿ ಮಾಡುತ್ತಾರೆ. ಆ ಖಾಲಿ ಜಾಗವನ್ನು ವಾಟ್ಸ್‌ಆ್ಯಪ್ ತುಂಬುತ್ತದೆ.

ನಮ್ಮ ಕಡೆ ಹೇಗೆ? ಆಫ್ರಿಕಾದಲ್ಲಿ ಭಾರತೀಯ ವರದಿಗಾರರು ಬೆರಳೆಣಿಕೆಗೂ ಸಿಗುವುದಿಲ್ಲ. ಹಿಂದೆ ಕೋಲಾರದ ಎಂ.ಎಸ್. ಪ್ರಭಾಕರ ಇದ್ದರು. ಕನ್ನಡದಲ್ಲಿ ‘ಕಾಮರೂಪಿ’ ಎಂದು ಬರೆಯುತ್ತಿದ್ದವರು. ಅಸ್ಸಾಂನಲ್ಲಿ ವರ್ಷಗಟ್ಟಲೆ ಇದ್ದು ಅಲ್ಲಿನ ಬಂಡಾಯಗಳ ಬಗ್ಗೆ ‘ದಿ ಹಿಂದೂ’ಗೆ ಬರೆದರು. ಆಮೇಲೆ 1994ರಿಂದ ದಕ್ಷಿಣ ಆಫ್ರಿಕಾದಲ್ಲಿ ಅದೇ ಪತ್ರಿಕೆಯ ಪ್ರತಿನಿಧಿಯಾಗಿದ್ದರು. ಊರಿನಲ್ಲಿ ನೆಲೆಸಿ, ಜನರೊಡನೆ ಬಾಳಿ ಬರೆಯುವ ಆ ಬಗೆಗೆ ಖರ್ಚು ಜಾಸ್ತಿ, ಫಲ ನಿಧಾನ. ಈಗ ಯಾವ ಪತ್ರಿಕೆಯೂ ಆ ಖರ್ಚಿಗೆ ಮುಂದಾಗುವುದಿಲ್ಲ.

ಹಾಗಾಗಿ ಕಾಂಗೋ ನಮ್ಮಲ್ಲಿ ಮುಖಪುಟಕ್ಕೆ ಬರುವುದು ಭಾರತೀಯರಿಗೆ ಏನಾದರೂ ಆದಾಗ. 2022ರ ಜುಲೈ 26ರಂದು ಪೂರ್ವ ಕಾಂಗೋದ ಬುಟೆಂಬೊದಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿದ್ದ ಇಬ್ಬರು ಬಿಎಸ್‌ಎಫ್ ಯೋಧರು ಪ್ರತಿಭಟನೆಯ ಹಿಂಸೆಯಲ್ಲಿ ಸತ್ತರು. ದುಃಖದ ಸುದ್ದಿ, ಮುಖಪುಟಕ್ಕೆ ಬರಬೇಕಾದದ್ದೇ. ಆದರೆ ಶಾಂತಿ ಕಾಯಲು ಹೋದವರ ಮೇಲೆ ಅಲ್ಲಿನ ಜನ ಯಾಕೆ ತಿರುಗಿಬಿದ್ದರು ಅನ್ನುವ ಪ್ರಶ್ನೆ ಬಹುತೇಕ ಕಡೆ ಇರಲಿಲ್ಲ. ಉತ್ತರಕ್ಕೆ 2012ಕ್ಕೆ ಹೋಗಬೇಕು. ಆ ನವೆಂಬರ್‌ನಲ್ಲಿ ಎಂ23 ಗೋಮಾದೊಳಗೆ ಬಂದಾಗ ಊರಿನಲ್ಲಿ ಸುಮಾರು 1,500 ಶಾಂತಿಪಾಲಕರಿದ್ದರು. ಗೋಮಾ ಇರುವ ಉತ್ತರ ಕಿವು ಪ್ರಾಂತ್ಯದ ಶಾಂತಿಪಡೆಯಲ್ಲಿ ಭಾರತದ ಪಾಲು ದೊಡ್ಡದು. ಕಾಂಗೋ ಸೇನೆಯೇ ಓಡಿಹೋದ ಮೇಲೆ ಅದರ ಬದಲಿಗೆ ಯುದ್ಧ ಮಾಡುವುದು ನಮ್ಮ ಕೆಲಸವಲ್ಲ ಎಂದು ಶಾಂತಿಪಡೆ ಸುಮ್ಮನಿತ್ತು. ನಿಯಮದ ಪ್ರಕಾರ ಸರಿಯಿದ್ದೀತು. ನೀಲಿ ಹೆಲ್ಮೆಟ್‌ಗಳ ಮುಂದೆಯೇ ಊರು ಬಿದ್ದದ್ದನ್ನು ನೋಡಿದವರಿಗೆ ನಿಯಮ ಹೇಳಿ ಸಮಾಧಾನ ಮಾಡುವುದು ಹೇಗೆ? 2022ರಲ್ಲಿ ಎಂ23 ಮತ್ತೆ ಬರುತ್ತಿದ್ದಾಗ ಅವರಿಗೆ ನೆನಪಾದದ್ದು ಅದೇ. ಆ ಜುಲೈನ ಗಲಭೆಯಲ್ಲಿ 30ಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ಕಾಂಗೋದವರೇ.

ಇನ್ನು ಒಪ್ಪಂದಗಳ ಸುದ್ದಿ. ಯುದ್ಧದ ವರದಿಗಿಂತ ಶಾಂತಿಯ ವರದಿ ಇನ್ನೂ ಅವಸರದ್ದು. 2025ರ ಡಿಸೆಂಬರ್ 4ರಂದು ವಾಷಿಂಗ್ಟನ್‌ನಲ್ಲಿ ಕಾಂಗೋ ಅಧ್ಯಕ್ಷ ಚಿಸೆಕೆಡಿ, ರುವಾಂಡಾ ಅಧ್ಯಕ್ಷ ಕಗಾಮೆ ಇಬ್ಬರೂ ಟ್ರಂಪ್ ಎದುರು ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದರು. ಫೋಟೊ ಎಲ್ಲ ಕಡೆ ಬಂತು. ಸಹಿ ಹಾಕಿದ್ದು ಎರಡು ದೇಶಗಳು, ಎಂ23 ಅಲ್ಲ. ಅದರ ಮಾತುಕತೆ ಬೇರೆಯಾಗಿ ಕತಾರ್‌ನ ದೋಹಾದಲ್ಲಿ ನಡೆಯುತ್ತಿತ್ತು. ವಾರ ಕಳೆಯುವುದರೊಳಗೆ ಎಂ23 ಬುರುಂಡಿ ಗಡಿಯ ಉವಿರಾ ಪಟ್ಟಣಕ್ಕೆ ನುಗ್ಗಿತು. ಸಹಿಯ ಫೋಟೊ ನೋಡಿದವರಲ್ಲಿ ಎಷ್ಟು ಜನರಿಗೆ ಉವಿರಾದ ಹೆಸರು ತಲುಪಿತು?

ಪೇಜ್ ಬಿಡುವ ಹೊತ್ತು, ಒಂದೇ ಕಾಲಂ, ಏನು ಮಾಡೋಕಾಗುತ್ತೆ ಅನ್ನಬಹುದು. ಸರಿ, ಅದೇ ಮೂಲೆಗೆ ನಾನೂ ಒಂದು ಸಲ ಬರೆದು ನೋಡಿದೆ:

‘ಕಾಂಗೋದ ಪೂರ್ವ ಗಡಿಯ ಗೋಮಾ ನಗರ 2012ರ ನಂತರ ಮತ್ತೊಮ್ಮೆ ಎಂ23 ಗುಂಪಿನ ವಶವಾಗಿದೆ. ರುವಾಂಡಾದ ಸಾವಿರಾರು ಸೈನಿಕರು ಈ ಗುಂಪಿನ ಜೊತೆ ಇದ್ದಾರೆ ಎಂದು ವಿಶ್ವಸಂಸ್ಥೆಯ ತಜ್ಞರು ಹೇಳಿದ್ದಾರೆ, ರುವಾಂಡಾ ಒಪ್ಪಿಲ್ಲ. ಕಿನ್ಯಾರುವಾಂಡಾ ಮಾತಾಡುವ ಕಾಂಗೋ ಪ್ರಜೆಗಳ ಪೌರತ್ವ ಮತ್ತು ಜಮೀನಿನ ಹಳೆಯ ವಿವಾದ, 1994ರ ನರಮೇಧದ ನಂತರ ಗಡಿ ದಾಟಿ ಬಂದ ಪಡೆಗಳು ಈ ಯುದ್ಧದ ಮೂಲ. ಗುಂಪಿನ ಆದಾಯದಲ್ಲಿ ಕೋಲ್ಟಾನ್ ಗಣಿಯ ತೆರಿಗೆಯೂ ಇದೆ. ಸತ್ತವರ ಸಂಖ್ಯೆ ಇನ್ನೂ ಖಚಿತವಾಗಿಲ್ಲ.’

ಐದು ವಾಕ್ಯ. ಸಿಂಗಲ್ ಕಾಲಂನಲ್ಲಿ ಹಿಡಿಯುತ್ತದೆ, ಫೋಟೊ ಬೇಡ ಅಂದರೆ.